ಸಂಕೋಲೆಯೊಳಗಿನ ಸ್ತುತಿ: ಎಫೆಸಿಯರಿಗೆ ಬರೆದ ಪತ್ರದಲ್ಲಿ ದೇವಶಕ್ತಿ

‘ದೇವರ ಶಕ್ತಿ ಅಪಾರ’ ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಜಪಸರದ ಕೊನೆಯಲ್ಲಿ, ಧ್ಯಾನಕೂಟದ ವೇದಿಕೆಯಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಈ ಮಾತು ಸಹಜವಾಗಿಯೇ ನಮ್ಮ ನಾಲಗೆಗೆ ಬರುತ್ತದೆ. ಆದರೆ ಆ ಶಕ್ತಿಯಿಂದ ವಿಶ್ವಾಸಿಗೆ ದೊರೆಯುವುದೇನು ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಬಹುಬೇಗ ಒಂದು ಪಟ್ಟಿಯಾಗಿಬಿಡುತ್ತದೆ: ಕಾಯಿಲೆ ವಾಸಿಯಾಗುವುದು, ಕೆಲಸ ಸಿಗುವುದು, ಮಗಳ ಮದುವೆ ಕೂಡಿಬರುವುದು, ಸಾಲ ತೀರುವುದು. ಇವನ್ನು ದೇವರಲ್ಲಿ ಬೇಡುವುದು ತಪ್ಪಲ್ಲ. ಅಂದಂದಿನ ಅನ್ನವನ್ನು ಬೇಡಲು ಪ್ರಭುವೇ ನಮಗೆ ಕಲಿಸಿದ್ದಾರೆ. ಪ್ರಶ್ನೆ ಹುಟ್ಟುವುದು ಪಟ್ಟಿಯಲ್ಲಿರುವುದು ದೊರೆಯದೆ ಹೋದಾಗ. ದೇವರಿಗೆ ಶಕ್ತಿ ಸಾಲದೋ, ನಮ್ಮ ವಿಶ್ವಾಸ ಸಾಲದೋ ಎಂಬ ಎರಡು ಅನುಮಾನಗಳ ನಡುವೆ ಎಷ್ಟೋ ಕುಟುಂಬಗಳು ಮೌನವಾಗಿ ನರಳುವುದನ್ನು ಗುರುಗಳಾದ ನಾವು ಬಲ್ಲೆವು.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎಫೆಸಿಯರಿಗೆ ಬರೆದ ಪತ್ರವನ್ನು, ವಿಶೇಷವಾಗಿ ಅದರ ಮೊದಲ ಮೂರು ಅಧ್ಯಾಯಗಳನ್ನು, ಒಂದು ಸಾಹಿತ್ಯಕೃತಿಯಾಗಿ ಓದಿ ನೋಡುವುದು ಈ ಲೇಖನದ ಉದ್ದೇಶ. ಪವಿತ್ರ ಗ್ರಂಥವನ್ನು ಹೀಗೆ ಓದುವುದು ಅದಕ್ಕೆ ಅಗೌರವವಲ್ಲ. ಪ್ರತಿಯೊಂದು ಗ್ರಂಥದ ಸಾಹಿತ್ಯ ಪ್ರಕಾರವನ್ನು ಗಮನಿಸಿಯೇ ಅದರ ಅರ್ಥವನ್ನು ಅರಸಬೇಕೆಂದು ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು 1943ರಲ್ಲಿಯೂ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ‘ದೇಯಿ ವೆರ್ಬುಮ್’ ಸಂವಿಧಾನದಲ್ಲಿಯೂ ಬೋಧಿಸಿವೆ. ಏನು ಹೇಳಲಾಗಿದೆ ಎಂಬುದರಷ್ಟೇ ಹೇಗೆ, ಯಾವ ಕ್ರಮದಲ್ಲಿ ಹೇಳಲಾಗಿದೆ ಎಂಬುದೂ ಮುಖ್ಯ.

ಮೊದಲು ಆ ಊರನ್ನು ಸ್ವಲ್ಪ ನೋಡೋಣ. ಇಂದಿನ ತುರ್ಕಿ ದೇಶದ ಪಶ್ಚಿಮ ಭಾಗದಲ್ಲಿ ಎಫೆಸ ನಗರದ ಅವಶೇಷಗಳಿವೆ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿದ್ದ ಆರ್ತೆಮಿಸ್ ದೇವತೆಯ ಆಲಯ ಅಲ್ಲಿತ್ತು. ಮಂತ್ರತಂತ್ರಗಳಿಗೂ ಆ ನಗರ ಹೆಸರುವಾಸಿ. ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯವನ್ನು ತೆರೆದರೆ, ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಿ ದೆವ್ವ ಬಿಡಿಸಹೊರಟ ಸ್ಕೇವನ ಏಳು ಮಂದಿ ಮಕ್ಕಳು ಏಟು ತಿಂದು ಓಡಿದ ಕಥೆ ಅಲ್ಲಿದೆ. ಅದಾದ ಮೇಲೆ ಜನರು ತಮ್ಮ ಮಂತ್ರಗ್ರಂಥಗಳನ್ನು ತಂದು ಎಲ್ಲರ ಎದುರಿಗೆ ಸುಟ್ಟರು. ಅವುಗಳ ಬೆಲೆ 50,000 ಬೆಳ್ಳಿನಾಣ್ಯಗಳಾಗಿತ್ತು. ಅಂದರೆ ಶಕ್ತಿ ಎಂಬುದು ಆ ಊರಿನಲ್ಲಿ ಒಂದು ಸರಕಾಗಿತ್ತು. ಸರಿಯಾದ ಹೆಸರು, ಸರಿಯಾದ ಉಚ್ಚಾರ, ತಕ್ಕ ದಕ್ಷಿಣೆ ಇದ್ದರೆ ಶಕ್ತಿಯನ್ನು ಕೈವಶ ಮಾಡಿಕೊಳ್ಳಬಹುದೆಂಬುದು ಅಲ್ಲಿನ ನಂಬಿಕೆ.

ಅತಿ ಪ್ರಾಚೀನವಾದ ಕೆಲವು ಹಸ್ತಪ್ರತಿಗಳಲ್ಲಿ ‘ಎಫೆಸದಲ್ಲಿ’ ಎಂಬ ಪದಗಳಿಲ್ಲ. ಆದುದರಿಂದ ಇದು ಆ ಪ್ರಾಂತ್ಯದ ಹಲವು ಸಭೆಗಳಿಗೆ ಕಳುಹಿಸಿದ ಸುತ್ತೋಲೆ ಇರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಇದನ್ನು ಬರೆದವರು ಸಂತ ಪೌಲರೋ ಅವರ ಶಿಷ್ಯರೋ ಎಂಬ ಚರ್ಚೆಯೂ ಇದೆ. ಆ ಚರ್ಚೆ ಹೇಗೇ ಮುಗಿಯಲಿ, ಪತ್ರ ನಮ್ಮೆದುರಿಗೆ ನಿಲ್ಲಿಸುವುದು ಸೆರೆಯಲ್ಲಿರುವ ಪೌಲರನ್ನು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಮುಂದೆ ಅದು ಬೇಕಾಗುತ್ತದೆ.

ಸ್ತುತಿಯೇ ಆರಂಭ

ಪೌಲರ ಪತ್ರಗಳಲ್ಲಿ ವಂದನೆಯ ನಂತರ ಸಾಮಾನ್ಯವಾಗಿ ಬರುವುದು ಓದುಗರಿಗಾಗಿ ಸಲ್ಲಿಸುವ ಕೃತಜ್ಞತೆ. ಇಲ್ಲಿ ಅದಕ್ಕೂ ಮೊದಲೇ ಒಂದು ಸ್ತುತಿಗೀತೆ ತೆರೆದುಕೊಳ್ಳುತ್ತದೆ. ಮೂರನೆಯ ವಚನದಿಂದ ಹದಿನಾಲ್ಕನೆಯ ವಚನದವರೆಗೆ ಗ್ರೀಕ್ ಮೂಲದಲ್ಲಿ ಅದೆಲ್ಲವೂ ಒಂದೇ ವಾಕ್ಯ. ಇನ್ನೂರಕ್ಕೂ ಹೆಚ್ಚು ಪದಗಳು, ನಡುವೆ ಪೂರ್ಣವಿರಾಮವಿಲ್ಲ. ದೇವರನ್ನು ಕೊಂಡಾಡಿ ಅವರ ಕಾರ್ಯಗಳನ್ನು ಎಣಿಸುವ ಯೆಹೂದ್ಯರ ಪ್ರಾರ್ಥನಾ ಪದ್ಧತಿಯೇ ಇದಕ್ಕೆ ಮಾದರಿ. ಆರಿಸಿಕೊಂಡದ್ದು, ಮಕ್ಕಳಾಗಿ ಸ್ವೀಕರಿಸಿದ್ದು, ಬಿಡುಗಡೆ ಮಾಡಿದ್ದು, ರಹಸ್ಯವನ್ನು ತಿಳಿಸಿದ್ದು, ಮುದ್ರೆಯೊತ್ತಿದ್ದು ಎಂದು ದೇವರ ಒಂದೊಂದು ಕಾರ್ಯವೂ ಮತ್ತೊಂದನ್ನು ಎಳೆದು ತರುತ್ತದೆ. ‘ಕ್ರಿಸ್ತರಲ್ಲಿ’, ‘ಅವರಲ್ಲಿ’ ಎಂಬ ನುಡಿ ಹತ್ತಕ್ಕೂ ಹೆಚ್ಚು ಬಾರಿ ಮರುಕಳಿಸುತ್ತದೆ. ದೇವರ ಮಹಿಮೆಯ ಸ್ತುತಿಗಾಗಿಯೇ ಇದೆಲ್ಲ ಎಂಬ ಪಲ್ಲವಿ ಮೂರು ಕಡೆ ಬರುತ್ತದೆ.

ಈ ದೀರ್ಘ ವಾಕ್ಯವನ್ನು ಶೈಲಿಯ ದೋಷವೆಂದು ಕಾಣುವವರಿದ್ದಾರೆ. ಒಂದರ ಬೆನ್ನಿಗೆ ಒಂದು ಷಷ್ಠೀ ವಿಭಕ್ತಿ, ಒಂದರ ಮೇಲೊಂದು ಸಮಾನಾರ್ಥಕ ಪದ: ಗಲಾತಿಯರಿಗೆ ಬರೆದ ಪತ್ರದ ಚುರುಕು ಇಲ್ಲಿಲ್ಲ ಎಂಬುದು ನಿಜ. ಆದರೆ ಇದು ವಾದವಲ್ಲ, ಆರಾಧನೆ ಎಂಬುದನ್ನು ಮರೆಯಬಾರದು. ಧರ್ಮಸಭೆಯು ಇದನ್ನು ಸರಿಯಾಗಿಯೇ ಅರಿತು, ದೈನಂದಿನ ಪ್ರಾರ್ಥನಾವಿಧಿಯಲ್ಲಿ ಸೋಮವಾರದ ಸಂಜೆಯ ಗೀತೆಯಾಗಿ ಈ ಭಾಗವನ್ನು ಇರಿಸಿದೆ. ನಮ್ಮ ಅನುವಾದಗಳಲ್ಲಿ ಈ ವಾಕ್ಯ ಅನೇಕ ಸಣ್ಣ ವಾಕ್ಯಗಳಾಗಿ ಒಡೆದುಕೊಳ್ಳುತ್ತದೆ. ದೇವಾಲಯದಲ್ಲಿ ಕುಳಿತು ಕೇಳುವವರಿಗೆ ಅದರಿಂದ ಅರ್ಥ ಸುಲಭವಾಗುತ್ತದೆ. ಆದರೆ ಏದುಸಿರಿನ ಆನಂದ ಕಳೆದುಹೋಗುತ್ತದೆ. ‘ಆರಿಸಿಕೊಂಡು, ಸ್ವೀಕರಿಸಿ, ಬಿಡಿಸಿ, ತಿಳಿಸಿ’ ಎಂದು ಕ್ರಿಯೆಗಳನ್ನು ಹೆಣೆಯುತ್ತ ಸಾಗುವ ಗುಣ ಕನ್ನಡಕ್ಕೆ ಹುಟ್ಟಿನಿಂದಲೇ ಇದೆ. ಮುಂದಿನ ಅನುವಾದಕರು ಈ ಗುಣವನ್ನು ಇನ್ನಷ್ಟು ಧೈರ್ಯದಿಂದ ಬಳಸಬಹುದು.

ಈ ಭಾಗದ ಕೊನೆಯಲ್ಲಿ ಒಂದು ವ್ಯಾಪಾರದ ಪದವಿದೆ. ಪವಿತ್ರಾತ್ಮರನ್ನು ‘ಅರ್ರಾಬೋನ್’ ಎಂದು ಕರೆಯಲಾಗಿದೆ. ಜಮೀನೋ ಮನೆಯೋ ಕೊಳ್ಳುವಾಗ ನಾವು ಕೊಡುವ ಮುಂಗಡವೇ ಅದು. ನಮ್ಮ ಹಿರಿಯರು ಅದನ್ನು ಸಂಚಕಾರ ಎನ್ನುತ್ತಿದ್ದರು. ಮುಂಗಡವೆಂದರೆ ಪೂರ್ಣ ಮೊತ್ತವಲ್ಲ, ಆದರೆ ಬರಿಯ ಮಾತೂ ಅಲ್ಲ. ಮುಂಗಡ ಪಡೆದವನು ಉಳಿದದ್ದಕ್ಕಾಗಿ ಕಾಯಲೇಬೇಕು. ಉಳಿದದ್ದು ಬರುವುದು ಖಚಿತವೆಂದು ಅವನಿಗೆ ಗೊತ್ತು. ವಿಶ್ವಾಸಿಯ ಬದುಕು ಈ ನಡುವಿನ ಅವಧಿಯಲ್ಲಿದೆ. ಪತ್ರವು ದೇವಶಕ್ತಿಯ ಕುರಿತು ಮುಂದೆ ಹೇಳುವುದನ್ನೆಲ್ಲ ಈ ಪದದ ಬೆಳಕಿನಲ್ಲಿಯೇ ಓದಬೇಕು.

ಶಕ್ತಿಯ ಅಳತೆಗೋಲು

ಸ್ತುತಿಯ ನಂತರ ಪ್ರಾರ್ಥನೆ. ಕ್ರಮವನ್ನು ಗಮನಿಸಿರಿ: ಬೇಡಿಕೆ ಈಡೇರಿದ ಮೇಲೆ ಸಲ್ಲಿಸುವ ಶುಲ್ಕವಲ್ಲ ಈ ಸ್ತುತಿ, ಬೇಡುವುದಕ್ಕೆ ಧೈರ್ಯ ಕೊಡುವ ನೆಲಗಟ್ಟು. ಇನ್ನು ಪ್ರಾರ್ಥನೆ ಬೇಡುವುದಾದರೂ ಏನನ್ನು? ಹೊಸ ಶಕ್ತಿಯೊಂದು ಇಳಿದುಬರಲಿ ಎಂದಲ್ಲ. ಹೃದಯದ ಕಣ್ಣುಗಳು ಬೆಳಗಿ, ಈಗಾಗಲೇ ದೊರೆತಿರುವುದು ಕಾಣಲಿ ಎಂದು. ಕಾಣಬೇಕಾದವು ಮೂರು: ದೇವರ ಕರೆಯಲ್ಲಿರುವ ನಿರೀಕ್ಷೆ, ಅವರ ಬಾಧ್ಯತೆಯ ಸಿರಿ, ವಿಶ್ವಾಸಿಗಳಾದ ನಮ್ಮ ಕಡೆಗೆ ಹರಿಯುವ ಅವರ ಶಕ್ತಿಯ ಹಿರಿಮೆ.

ಮೂರನೆಯದನ್ನು ಹೇಳುವಾಗ ಲೇಖಕರಿಗೆ ಒಂದು ಪದ ಸಾಲುವುದಿಲ್ಲ. 19ನೆಯ ವಚನವೊಂದರಲ್ಲಿಯೇ ಶಕ್ತಿಯನ್ನು ಸೂಚಿಸುವ ನಾಲ್ಕು ಗ್ರೀಕ್ ಪದಗಳಿವೆ: ಸಾಮರ್ಥ್ಯವನ್ನು ಹೇಳುವ ‘ದುನಾಮಿಸ್’, ಕಾರ್ಯಪ್ರವೃತ್ತವಾದ ಚೈತನ್ಯವನ್ನು ಹೇಳುವ ‘ಎನೆರ್ಗೆಯ’, ಆಳುವ ಪ್ರಾಬಲ್ಯವನ್ನು ಹೇಳುವ ‘ಕ್ರಾತೊಸ್’, ಒಡಲೊಳಗಿನ ಬಲವನ್ನು ಹೇಳುವ ‘ಇಸ್ಖುಸ್’. ಶಕ್ತಿಯ ಹೆಸರುಗಳನ್ನು ರಾಶಿ ಹಾಕುವುದು ಮಂತ್ರವಾದಿಗಳ ರೂಢಿಯಾಗಿತ್ತು. ಅಂಥ ಊರಿನ ಕಿವಿಗೆ ಈ ಪದರಾಶಿ ಪರಿಚಿತವಾಗಿ ಕೇಳಿಸಿರಬೇಕು. ಆದರೆ ಮರುಕ್ಷಣದಲ್ಲಿಯೇ ಪತ್ರ ಬೇರೆ ದಾರಿ ಹಿಡಿಯುತ್ತದೆ. ಆ ಶಕ್ತಿಯ ಅಳತೆಗೋಲು ಯಾವುದು? ದೇವರು ಕ್ರಿಸ್ತರನ್ನು ಸತ್ತವರೊಳಗಿಂದ ಎಬ್ಬಿಸಿ, ಎಲ್ಲ ಅಧಿಕಾರಗಳಿಗೂ ಎಲ್ಲ ಹೆಸರುಗಳಿಗೂ ಮೇಲೆ ತಮ್ಮ ಬಲಗಡೆಯಲ್ಲಿ ಕೂರಿಸಿದ್ದು. ಇನ್ನು ಯಾವ ಹೆಸರಿನ ಮಂತ್ರಕ್ಕೂ ಅಂಜಬೇಕಿಲ್ಲ, ಯಾವ ತಾಯಿತಕ್ಕೂ ಹಣ ತೆರಬೇಕಿಲ್ಲ. ಎಫೆಸದ ವಿಶ್ವಾಸಿಗೆ ದೇವಶಕ್ತಿಯಿಂದ ದೊರೆತ ಮೊದಲ ಪ್ರಯೋಜನ ಭಯದಿಂದ ಬಿಡುಗಡೆ.

ಎರಡನೆಯ ಅಧ್ಯಾಯ ಈ ಅಳತೆಗೋಲನ್ನು ನಮ್ಮ ಮೇಲೆಯೇ ಇಡುತ್ತದೆ. ಪಾಪದಲ್ಲಿ ಸತ್ತಿದ್ದ ನಮ್ಮನ್ನು ದೇವರು ಕ್ರಿಸ್ತರೊಡನೆ ಬದುಕಿಸಿದರು, ಎಬ್ಬಿಸಿದರು, ಕೂರಿಸಿದರು. ಗ್ರೀಕಿನಲ್ಲಿ ಈ ಮೂರೂ ಕ್ರಿಯಾಪದಗಳ ಆದಿಯಲ್ಲಿ ‘ಸಹ’ ಎಂಬರ್ಥದ ಉಪಸರ್ಗವಿದೆ. ಸಮಾಧಿಯನ್ನು ತೆರೆದ ಶಕ್ತಿಯೇ ನಮ್ಮ ಜ್ಞಾನಸ್ನಾನದಲ್ಲಿಯೂ ಕೆಲಸ ಮಾಡಿದೆ ಎಂಬುದು ಇದರ ತಾತ್ಪರ್ಯ.

ಉರುಳಿದ ಗೋಡೆ

ಆ ಶಕ್ತಿ ಕಣ್ಣಿಗೆ ಕಾಣುವಂತೆ ಏನು ಮಾಡಿತು? ಇಡೀ ಪತ್ರದಲ್ಲಿ ರೋಗ ಗುಣವಾದ ಒಂದು ಘಟನೆಯೂ ಇಲ್ಲ. ಪತ್ರ ತೋರಿಸುವ ಅದ್ಭುತ ಬೇರೆಯದು: ಯೆಹೂದ್ಯರಿಗೂ ಅನ್ಯಜನರಿಗೂ ನಡುವೆ ಇದ್ದ ಗೋಡೆ ಬಿದ್ದಿದೆ. ಇದು ಬರಿಯ ರೂಪಕವಲ್ಲ. ಜೆರುಸಲೇಮಿನ ದೇವಾಲಯದ ಒಳಾಂಗಣದ ಸುತ್ತ ಒಂದು ಅಡ್ಡಗೋಡೆಯಿತ್ತು. ಅದನ್ನು ದಾಟುವ ಪರಕೀಯನಿಗೆ ಮರಣವೆಂಬ ಎಚ್ಚರಿಕೆಯ ಶಿಲಾಫಲಕಗಳಿದ್ದವು. ಅಂಥ ಒಂದು ಫಲಕ 1871ರಲ್ಲಿ ದೊರೆತು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಪೌಲರು ಜೆರುಸಲೇಮಿನಲ್ಲಿ ಬಂಧನಕ್ಕೊಳಗಾದುದೂ ಇದೇ ಕಾರಣಕ್ಕೆ. ತ್ರೊಫಿಮನೆಂಬ ಅನ್ಯಜಾತಿಯವನನ್ನು ಅವರು ದೇವಾಲಯದೊಳಗೆ ಕರೆತಂದರೆಂದು ಜನರು ಭಾವಿಸಿ ಗಲಭೆಯೆಬ್ಬಿಸಿದರು. ಆ ತ್ರೊಫಿಮ ಎಲ್ಲಿಯವನು? ಎಫೆಸದವನು!

ಈ ಹಿನ್ನೆಲೆಯನ್ನು ಅರಿತು ಎರಡನೆಯ ಅಧ್ಯಾಯವನ್ನು ಓದಿದರೆ ಅದರ ಗಾಂಭೀರ್ಯ ತಿಳಿಯುತ್ತದೆ. ಯಾವ ಗೋಡೆಯ ನಿಮಿತ್ತ ಪೌಲರ ಕೈಗೆ ಸಂಕೋಲೆ ಬಿತ್ತೋ ಅದೇ ಗೋಡೆ ಕ್ರಿಸ್ತರ ಶಿಲುಬೆಯಲ್ಲಿ ಉರುಳಿದೆ ಎಂದು ಪತ್ರ ಸಾರುತ್ತದೆ. ನಮ್ಮ ಧರ್ಮಕೇಂದ್ರಗಳಿಗೆ ಇದು ಹಿತವಾದ ಮಾತಲ್ಲ. ಭಾಷೆಯ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ, ಮನೆತನದ ಹೆಸರಿನಲ್ಲಿ ನಾವು ಉಳಿಸಿಕೊಂಡಿರುವ ಗೋಡೆಗಳು ನಮಗೆ ಗೊತ್ತಿಲ್ಲದವುಗಳಲ್ಲ. ದೇವಶಕ್ತಿಯನ್ನು ಗಟ್ಟಿಯಾಗಿ ಹಾಡಿ ಹೊಗಳಿ, ಹೊರಗೆ ಬಂದು ಪಕ್ಕದ ಪೀಠದಲ್ಲಿ ಕುಳಿತಿದ್ದವರೊಡನೆ ಮಾತು ಬಿಡುವುದು ಪತ್ರದ ದೃಷ್ಟಿಯಲ್ಲಿ ಆ ಶಕ್ತಿಯನ್ನೇ ಅಲ್ಲಗಳೆದಂತೆ.

ಬಿಡುಗಡೆಯನ್ನು ಬೇಡದ ಸೆರೆಯಾಳು

ಮೂರನೆಯ ಅಧ್ಯಾಯದ ಕೊನೆಯಲ್ಲಿ ಪೌಲರು ಮೊಣಕಾಲೂರುತ್ತಾರೆ. ನಿಂತು ಪ್ರಾರ್ಥಿಸುವುದೇ ರೂಢಿಯಾಗಿದ್ದ ಯೆಹೂದ್ಯರಲ್ಲಿ ಇದು ಅಂತರಂಗದ ತೀವ್ರತೆಯ ಗುರುತು. ಇಲ್ಲಿಯೂ ಅವರು ಶಕ್ತಿಯನ್ನೇ ಬೇಡುತ್ತಾರೆ. ಆದರೆ ಅದು ಒಳಗಿನ ಮನುಷ್ಯನಿಗಾಗಿ. ಯಾತಕ್ಕಾಗಿ? ಅರಿವನ್ನು ಮೀರಿದ ಕ್ರಿಸ್ತರ ಪ್ರೀತಿಯ ಉದ್ದಗಲ, ಎತ್ತರ, ಆಳಗಳನ್ನು ಎಲ್ಲ ಭಕ್ತರೊಡನೆ ಗ್ರಹಿಸುವುದಕ್ಕಾಗಿ. ಪ್ರೀತಿಸಲ್ಪಟ್ಟಿದ್ದೇನೆಂದು ನಂಬುವುದಕ್ಕೂ ಬಲ ಬೇಕು ಎಂಬ ಈ ಒಳನೋಟ ಅಪೂರ್ವವಾದುದು. ದುಃಖದಲ್ಲಿ ಬೆಂದವರಿಗೆ ಇದರ ಸತ್ಯ ಗೊತ್ತು. ಬಳಿಕ ಪ್ರಾರ್ಥನೆ ಮತ್ತೆ ಸ್ತುತಿಗೆ ಮರಳುತ್ತದೆ: ನಾವು ಬೇಡುವುದಕ್ಕೂ ಊಹಿಸುವುದಕ್ಕೂ ಮಿಗಿಲಾದುದನ್ನು ನಮ್ಮೊಳಗಿನ ಶಕ್ತಿಯ ಮೂಲಕವೇ ಮಾಡಬಲ್ಲ ದೇವರಿಗೆ ಮಹಿಮೆ.

ಈ ವಚನವನ್ನು ಕೆಲವು ಪ್ರಾರ್ಥನಾಕೂಟಗಳಲ್ಲಿ, ಕೇಳಿದ್ದಕ್ಕಿಂತ ಹೆಚ್ಚು ಹಣ, ಹೆಚ್ಚು ಯಶಸ್ಸು ದೊರೆಯುತ್ತದೆಂಬ ಭರವಸೆಯಾಗಿ ಬೋಧಿಸುವುದುಂಟು. ಆದರೆ ಈ ಪತ್ರವನ್ನು ಕೊನೆಯವರೆಗೆ ಓದಿರಿ. ಆರನೆಯ ಅಧ್ಯಾಯದಲ್ಲಿ ಪೌಲರು ತಮಗಾಗಿ ಪ್ರಾರ್ಥಿಸಿರೆಂದು ಕೇಳಿಕೊಳ್ಳುತ್ತಾರೆ. ಸಂಕೋಲೆ ಕಳಚಲಿ ಎಂದು ಅವರು ಕೇಳುವುದಿಲ್ಲ. ಸಂಕೋಲೆಯಲ್ಲಿರುವ ರಾಯಭಾರಿ ನಾನು, ಶುಭಸಂದೇಶವನ್ನು ಅಂಜದೆ ಸಾರುವ ಮಾತು ನನಗೆ ದೊರೆಯಲಿ ಎಂಬುದಷ್ಟೇ ಅವರ ಕೋರಿಕೆ. ಅಪಾರ ಶಕ್ತಿಯನ್ನು ಕೊಂಡಾಡಿದ ಕೈಗೆ ಕೊನೆಯವರೆಗೂ ಸರಪಳಿಯಿದೆ. ಇದು ಪತ್ರದ ಸೋಲಲ್ಲ, ಅದರ ಸಾಕ್ಷ್ಯ. ದೇವಶಕ್ತಿಯೆಂದರೆ ಕಷ್ಟವಿಲ್ಲದಿರುವುದೆಂದು ಬೋಧಿಸುವವರು ಈ ಸರಪಳಿಯನ್ನು ಮರೆಮಾಡಿಯೇ ಬೋಧಿಸಬೇಕಾಗುತ್ತದೆ. ಅಂಥ ಬೋಧನೆಯ ಭಾರ ಬೀಳುವುದು, ಪ್ರಾರ್ಥಿಸಿಯೂ ಮಗುವನ್ನು ಕಳೆದುಕೊಂಡ ತಾಯಿಯ ಮೇಲೆ. ನಿನ್ನ ವಿಶ್ವಾಸ ಸಾಲದಾಯಿತು ಎಂದು ಆಕೆಗೆ ಹೇಳುವ ಹಕ್ಕನ್ನು ಈ ಪತ್ರ ಯಾರಿಗೂ ಕೊಟ್ಟಿಲ್ಲ.

ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಈ ಪತ್ರದಲ್ಲಿ ಗೋಳಿನ ದನಿ ಇಲ್ಲ. ಅದು ಎಲ್ಲವನ್ನೂ ಸ್ವರ್ಗದ ಎತ್ತರದಿಂದ ನೋಡುತ್ತದೆ. ಸಾವಿನ ಮನೆಯಲ್ಲಿ ಇದನ್ನೊಂದನ್ನೇ ಓದಿದರೆ ಕೇಳುವವರಿಗೆ ಅದು ಬಹುದೂರದ ಮಾತಾಗಬಹುದು. ಅಲ್ಲಿ ಮೊದಲು ಕೀರ್ತನೆಗಳ ಮೊರೆ ಬೇಕು, ಶಿಲುಬೆಯ ಮೇಲಿನ ಯೇಸುವಿನ ಕೂಗು ಬೇಕು. ಧರ್ಮಸಭೆಯು ನಮ್ಮ ಕೈಗಿತ್ತಿರುವುದು ಒಂದು ಪತ್ರವನ್ನಲ್ಲ, ಇಡೀ ಪವಿತ್ರ ಗ್ರಂಥವನ್ನು. ಅತ್ತವರಿಗೆ ಸ್ತುತಿ ನಿಧಾನವಾಗಿ ಬರುತ್ತದೆ, ಬರಲಿ.

ಪ್ರಿಯ ಓದುಗರೇ, ಮುಂದಿನ ಸೋಮವಾರ ಸಂಜೆ ಮನೆಯ ದೀಪ ಹಚ್ಚಿ, ಜಪಸರಕ್ಕೆ ಮುನ್ನ, ಈ ಪತ್ರದ ಮೊದಲನೆಯ ಅಧ್ಯಾಯವನ್ನು ಯಾರಾದರೊಬ್ಬರು ಗಟ್ಟಿಯಾಗಿ ಓದಿರಿ, ಉಳಿದವರು ಕೇಳಿರಿ. ಬಳಿಕ ನಿಮ್ಮ ಬೇಡಿಕೆಯ ಪಟ್ಟಿಯನ್ನು ದೇವರ ಮುಂದಿಡಿರಿ. ಪಟ್ಟಿಯನ್ನು ಹರಿದು ಹಾಕಬೇಕಿಲ್ಲ. ಅದರ ಜೊತೆಗೆ ಇನ್ನೆರಡನ್ನು ಸೇರಿಸಿರಿ: ಈಗಾಗಲೇ ದೊರೆತಿರುವುದನ್ನು ಕಾಣುವ ಕಣ್ಣು, ನೀವು ಮಾತು ಬಿಟ್ಟಿರುವ ಒಬ್ಬರ ಹೆಸರು. ಸತ್ತವರನ್ನು ಎಬ್ಬಿಸಿದ ಶಕ್ತಿಗೆ ಆ ಒಂದು ಗೋಡೆ ದೊಡ್ಡದಲ್ಲ.