ರಂಗಸಜ್ಜಿಕೆ ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ನಾಟಕ ಮುಗಿದ ಮೇಲೆ ನಟರನ್ನು ಹೊಗಳುತ್ತೇವೆ, ಹಾಡು ಗುನುಗುತ್ತೇವೆ. ಸೆಟ್ ಹೇಗಿತ್ತು ಎಂದರೆ ‘ಭಾರಿ ಇತ್ತು’ ಅಥವಾ ‘ಏನೂ ಇರಲಿಲ್ಲ’ ಎಂದು ಮುಗಿಸಿಬಿಡುತ್ತೇವೆ. ಆದರೆ ಸಜ್ಜಿಕೆಯ ಹಿರಿಮೆ ಅದಕ್ಕೆ ಸುರಿದ ದುಡ್ಡಿನಲ್ಲಿಲ್ಲ. ನಟನಿಗೆ ಅದು ಯಾವ ದಾರಿ ಬಿಟ್ಟುಕೊಟ್ಟಿತು, ಯಾವ ದಾರಿ ಕಟ್ಟಿತು ಎಂಬುದರಲ್ಲಿದೆ. ಇದನ್ನು ನೋಡಿ ಕಲಿಯಲು ರಾಯಚೂರು ಸೀಮೆ ಒಳ್ಳೆಯ ಜಾಗ. ನಗರದ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಹೊಸ ನಾಟಕ ಸಿಗುತ್ತದೆ. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಕ್ಕೆ ಕಂಪನಿ ಶೈಲಿಯ ನಾಟಕ ಮತ್ತು ಬಯಲಾಟ ಸಿಗುತ್ತವೆ.

ಪಡದೆಯಿಂದ ಶುರು ಮಾಡಿ

ಹಳ್ಳಿಯ ನಾಟಕಕ್ಕೆ ಸೀನರಿ ಬಾಡಿಗೆಗೆ ಬರುತ್ತದೆ: ದರ್ಬಾರು, ಕಾಡು, ಮನೆ, ರಸ್ತೆ. ಇವುಗಳಲ್ಲಿ ರಸ್ತೆಯ ಪಡದೆಯನ್ನು ವಿಶೇಷವಾಗಿ ಗಮನಿಸಿ. ಅದು ರಂಗದ ಮುಂಭಾಗದಲ್ಲೇ ಇಳಿಯುತ್ತದೆ. ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದ ಜೋಡಿ ಜನರನ್ನು ನಗಿಸುತ್ತಿರುವಾಗ, ಹಿಂದೆ ಸಿಂಹಾಸನ ಬಂದು ಕೂರುತ್ತಿರುತ್ತದೆ. ಪಡದೆಯ ಅಂಚು ಅಲುಗುವುದು, ಒಳಗಿನ ಸಪ್ಪಳ, ಪೇಟಿ ಮಾಸ್ತರರು ಅದನ್ನು ಮುಚ್ಚಲು ಸ್ವರ ಏರಿಸುವುದು, ಎಲ್ಲವೂ ಕಲೆಯ ಭಾಗವೇ. ಪಡದೆ ಮೇಲೇರಿದಾಗ ದರ್ಬಾರು ಅಷ್ಟು ಆಳವಾಗಿ ಕಾಣುವುದು, ಅಷ್ಟು ಹೊತ್ತು ನಮ್ಮ ಕಣ್ಣನ್ನು ಇಕ್ಕಟ್ಟಿನಲ್ಲಿ ಹಿಡಿದಿಟ್ಟಿದ್ದರಿಂದ. ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅಂಥ ವೈಭವವೂ ನಿಲ್ಲುವುದು ಈ ಇಕ್ಕಟ್ಟು–ವಿಸ್ತಾರದ ಲೆಕ್ಕಾಚಾರದ ಮೇಲೆಯೇ.

ಅಟ್ಟದ ಸದ್ದು ಕೇಳಿ

ಬಯಲಾಟದಲ್ಲಿ ಚಿತ್ರದ ಪಡದೆಗೆ ದೊಡ್ಡ ಕೆಲಸವಿಲ್ಲ, ಅಟ್ಟವೇ ಸಜ್ಜಿಕೆ. ಪಾತ್ರಧಾರಿ ಒಂದು ಸುತ್ತು ಹಾಕಿದರೆ ಅರಮನೆ ಹೋಗಿ ಕಾಡು ಬಂತು. ಕಿರೀಟ, ಭುಜಕೀರ್ತಿಗಳು ಆತನನ್ನು ದೂರದವರ ಕಣ್ಣಿಗೂ ಹಿಗ್ಗಿಸಿ ತೋರಿಸುತ್ತವೆ. ಹೆಜ್ಜೆ ಬಿದ್ದಾಗ ಹಲಗೆ ದುಡಿಯಂತೆ ಗುಡುಗುತ್ತದೆ. ಹತ್ತಿರ ಕೂತು ಆ ಸದ್ದು ಕೇಳಿ. ನೆಲವೂ ಇಲ್ಲಿ ವಾದ್ಯ.

ಬೆಳಕು ಎಲ್ಲಿಂದ ಬಂತು?

ರಂಗದ ಬೆಳಕಿಗೆ ಪಾಠದ ಶಿಸ್ತು ತಂದವರಲ್ಲಿ ಮೊದಲಿಗರು ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್. ವಾಸ್ತುಶಿಲ್ಪ ಓದಿದ್ದ ಅವರು 1925ರಲ್ಲಿ ಯೇಲ್ ವಿಶ್ವವಿದ್ಯಾಲಯದ ನಾಟಕ ವಿಭಾಗ ಸೇರಿ, 1964ರವರೆಗೆ ಪಾಠ ಮಾಡಿದರು. 1932ರಲ್ಲಿ ಬಂದ ಅವರ ಪುಸ್ತಕದ ತಿರುಳು ಇಷ್ಟು: ನಟನ ಎಡಕ್ಕೊಂದು, ಬಲಕ್ಕೊಂದು ದೀಪ, ಎರಡೂ 45 ಡಿಗ್ರಿ ಓರೆಯಲ್ಲಿ, ಒಂದು ಬೆಚ್ಚನೆಯ ಬಣ್ಣ, ಇನ್ನೊಂದು ತಣ್ಣನೆಯದು. ಆಗ ಮೂಗು, ಕೆನ್ನೆ, ಹುಬ್ಬಿಗೆ ಉಬ್ಬುತಗ್ಗು ಬರುತ್ತದೆ. ನೇರ ಎದುರಿನಿಂದ ಫೋಕಸ್ ಹೊಡೆದರೆ ಮುಖ ಚಪ್ಪಟೆಯಾಗುತ್ತದೆ. ರಂಗಮಂದಿರದಲ್ಲಿ ಕೂತಾಗ ಒಬ್ಬ ನಟನ ಎರಡು ಕೆನ್ನೆಗಳನ್ನು ಹೋಲಿಸಿ ನೋಡಿ. ದೀಪ ಎಲ್ಲಿದೆ ಎಂದು ತಲೆ ಎತ್ತದೆಯೇ ಹೇಳಬಲ್ಲಿರಿ.

ಕನ್ನಡದಲ್ಲಿ ಇಂಥ ವಿದ್ಯೆಯನ್ನು ಹಳ್ಳಿಯ ನೆಲದಲ್ಲೇ ಕಲಿಸಬಹುದೆಂದು ತೋರಿಸಿದ್ದು ಹೆಗ್ಗೋಡಿನ ನೀನಾಸಂ. ಅದರ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಅಲ್ಲಿ ನಟನೆಯ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನವೂ ಪಾಠ. 1985ರಲ್ಲಿ ಹೊರಟ ಅದರ ಸಂಚಾರಿ ತಂಡ ‘ತಿರುಗಾಟ’ಕ್ಕೆ ಊರೂರಿಗೂ ರಂಗದ ಅಳತೆ ಬೇರೆ. ಬೇಗ ಬಿಚ್ಚಿ, ವಾಹನದಲ್ಲಿ ಹಿಡಿಸಿ, ಮರುದಿನ ಇನ್ನೊಂದೂರಲ್ಲಿ ನಿಲ್ಲುವಂಥ ಸಜ್ಜಿಕೆಯೇ ಬೇಕು. ಒಂದೇ ಮೆಟ್ಟಿಲು ಮೊದಲ ಅಂಕದಲ್ಲಿ ಗದ್ದುಗೆಯಾಗಿ, ಮುಂದೆ ಬಂಡೆಯಾಗಿ, ಕೊನೆಗೆ ಚಿತೆಯಾದರೆ, ಅದು ಬಡತನವಲ್ಲ, ವಿನ್ಯಾಸಕಾರನ ಜಾಣ್ಮೆ.

ಮೂರು ಪ್ರಶ್ನೆ ಕೇಳಿಕೊಳ್ಳಿ

ಈ ಮೆಟ್ಟಿಲೋ ಬಾಗಿಲೋ ಇಲ್ಲದಿದ್ದರೆ ಯಾವ ದೃಶ್ಯ ಸೊರಗುತ್ತಿತ್ತು? ದೃಶ್ಯ ಬದಲಾದಾಗ ನನ್ನ ಗಮನ ಎಲ್ಲಿತ್ತು, ಅದನ್ನು ಅಲ್ಲಿಗೆ ಒಯ್ದವರು ಯಾರು? ಬೆಳಕು ಆರಿದ್ದು ಮಾತು ಮುಗಿದ ಮೇಲೋ, ಮೊದಲೋ?

ಸಾಧ್ಯವಾದರೆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂಥ ನಾಟಕವನ್ನು ಒಮ್ಮೆ ಹಳ್ಳಿಯ ಹಂದರದಲ್ಲಿ, ಒಮ್ಮೆ ಪಟ್ಟಣದ ರಂಗಮಂದಿರದಲ್ಲಿ ನೋಡಿ. ಮಾತು ಅದೇ ಇದ್ದರೂ ಅಶ್ವತ್ಥಾಮನ ನಡೆ ಬೇರೆಯಾಗಿರುತ್ತದೆ. ಆ ವ್ಯತ್ಯಾಸ ಹಿಡಿದವರಿಗೆ ಸಜ್ಜಿಕೆಯ ಭಾಷೆ ಒಲಿಯಿತೆಂದೇ ಅರ್ಥ. ನಾಟಕ ಮುಗಿದ ಮೇಲೆ ಸೀದಾ ಹಿಂದಕ್ಕೆ ಹೋಗಿ, ಪಡದೆ ಎಳೆದವರಿಗೂ ದೀಪ ನೋಡಿಕೊಂಡವರಿಗೂ ನೀವು ಕಂಡದ್ದನ್ನು ಹೇಳಿ. ನಟರಿಗೆ ಚಪ್ಪಾಳೆ ಸಿಕ್ಕಿರುತ್ತದೆ, ಅವರಿಗೆ ಸಿಕ್ಕಿರುವುದಿಲ್ಲ.