ಮಾರ್ಗರೆಟಳನ್ನು ಯಾರೂ ಕೇಳಲಿಲ್ಲ

ಸಂಜೆಯ ಹೊತ್ತು ಭೂತನಾಳ ಕೆರೆಯ ಏರಿಯ ಮೇಲೆ ಕೂತು ಹರಟುವುದು ನಮ್ಮ ಹಳೆಯ ರೂಢಿ. ಮೊನ್ನೆ ಜೊತೆಗಿದ್ದವರು ನಿವೃತ್ತ ಶಾಲಾ ಮಾಸ್ತರರು, ಕ್ರೈಸ್ತರು. ಅವರ ಮಗಳು ಅನ್ಯಧರ್ಮದ ಹುಡುಗನೊಬ್ಬನನ್ನು ಮೆಚ್ಚಿದ್ದಾಳೆ. ಮನೆಯಲ್ಲಿ ವಾರದಿಂದ ಯಾರಿಗೂ ಊಟ ಸರಿಯಾಗಿ ಸೇರುತ್ತಿಲ್ಲ. ಮಾತು ಹೇಗೋ ‘ನಾಗರಹಾವು’ ಚಿತ್ರದ ಕಡೆಗೆ ಹೊರಳಿತು.

“ಸಾಹೇಬ್ರ, ಆ ಪಿಚ್ಚರ್‌ನ್ಯಾಗ ಎಲ್ಲಾರೂ ರಾಮಾಚಾರಿ ಸಲುವಾಗಿ ಅಳ್ತಾರ. ಮಾರ್ಗರೆಟ್‌ಗೂ ಒಬ್ಬ ದೇವರಿದ್ದ ಅಂತ ಯಾರರೆ ಕೇಳ್ಯಾರೇನ್ರಿ?” ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಈ ಲೇಖನ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಚಿತ್ರವಿದು. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಆಕೆಯ ಬದುಕು ಹಾಳಾದುದನ್ನು ಕಣ್ಣಾರೆ ಕಂಡ ಮೇಲೆ ಮಾರ್ಗರೆಟಳ ವಿಷಯದಲ್ಲಿ ಅದೇ ಗುರುವಿನ ಮಾತನ್ನು ಒಪ್ಪಲು ನಿರಾಕರಿಸುತ್ತಾನೆ. ಮೇಷ್ಟ್ರು ಬಂಡೆಯ ಮೇಲಿಂದ ಬಿದ್ದು ಸಾಯುತ್ತಾರೆ. ಪ್ರೇಮಿಗಳಿಬ್ಬರೂ ಅದೇ ಪ್ರಪಾತಕ್ಕೆ ಹಾರುತ್ತಾರೆ. 2018ರಲ್ಲಿ ಚಿತ್ರ ಹೊಸ ರೂಪದಲ್ಲಿ ಮರುಬಿಡುಗಡೆಯಾದಾಗಲೂ ಜನ ಶಿಳ್ಳೆ ಹೊಡೆದದ್ದು, ಅತ್ತದ್ದು ಉಂಟು.

ನಾವೂ ಶಿಳ್ಳೆ ಹೊಡೆದವರೇ, ಅದೂ ಅಂಬರೀಶ್ ಮಾಡಿದ ಜಲೀಲನಿಗೆ. ಚಿತ್ರದಲ್ಲಿ ನೆನಪುಳಿಯುವ ಮುಸಲ್ಮಾನನೆಂದರೆ ಹುಡುಗಿಯನ್ನು ಚುಡಾಯಿಸಿ ರಾಮಾಚಾರಿಯಿಂದ ಒದೆ ತಿನ್ನುವ ಆ ಜಲೀಲ ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ. ಮಾರ್ಗರೆಟಳ ಬಗೆಗಿನ ಮಾಸ್ತರರ ನೋವು ನಮಗೆ ತಟ್ಟನೆ ಅರ್ಥವಾದದ್ದು ಅದರಿಂದಲೇ ಇರಬೇಕು.

ಚಿತ್ರದ ಕೊನೆಯ ವಾಗ್ವಾದ ನಡೆಯುವುದು ಒಬ್ಬ ಬ್ರಾಹ್ಮಣ ಗುರು ಮತ್ತು ಅವನ ಶಿಷ್ಯನ ನಡುವೆ. ಮಾರ್ಗರೆಟ್ ಅಲ್ಲಿ ವಾದದ ವಸ್ತು, ವಾದಿಯಲ್ಲ. ಅವಳ ಸಭೆಯೂ ಇದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿದೆ ಎಂಬ ಸುಳಿವು ನಮಗೆ ಸಿಗುವುದಿಲ್ಲ.

ಸಂತ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ನಂಬಿಕೆಯಿಲ್ಲದವರೊಡನೆ ಒಂದೇ ನೊಗಕ್ಕೆ ಕೊರಳು ಕೊಡಬೇಡಿ ಎಂಬ ಎಚ್ಚರಿಕೆಯಿದೆ. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ‘ಇಜ್ಜೋಡು’ ಎಂಬ ಸೊಗಸಾದ ಮಾತಿದೆ. ಎತ್ತನ್ನೂ ಕತ್ತೆಯನ್ನೂ ಒಟ್ಟಿಗೆ ಹೂಡಬಾರದೆಂಬ ಧರ್ಮೋಪದೇಶಕಾಂಡದ ನಿಯಮದ ನೆರಳು ಇದರ ಹಿಂದಿದೆ. ನಮ್ಮ ಬಬಲೇಶ್ವರ, ತಿಕೋಟಾ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡಿ ಸರಿಯಿರದಿದ್ದರೆ ನೊಗ ಇಬ್ಬರ ಹೆಗಲನ್ನೂ ಕೆತ್ತುತ್ತದೆ. ಆ ಭಾಗದಲ್ಲಿ ಮದುವೆಯ ಹೆಸರಿಲ್ಲವಾದರೂ ಸಭೆಗಳು ಅದನ್ನು ಮದುವೆಗೆ ಅನ್ವಯಿಸುತ್ತ ಬಂದಿವೆ. ಅದೇ ಪೌಲ ಮೊದಲನೆಯ ಪತ್ರದಲ್ಲಿ, ಈಗಾಗಲೇ ಅನ್ಯವಿಶ್ವಾಸಿಯ ಸಂಗಾತಿಯಾಗಿರುವವರು, ಆ ಸಂಗಾತಿ ಒಗೆತನಕ್ಕೆ ಒಪ್ಪಿರುವ ತನಕ ಬಿಟ್ಟುಹೋಗಬಾರದು ಎನ್ನುತ್ತಾನೆ. ಒಂದೇ ಲೇಖನಿಯಿಂದ ಎಚ್ಚರಿಕೆಯೂ ಬಂದಿದೆ, ಕರುಣೆಯೂ ಬಂದಿದೆ.

ಕೆಥೋಲಿಕ್ ಸಭೆಯ ನಿಯಮದಂತೆ ಸ್ನಾನದೀಕ್ಷೆ ಪಡೆಯದವರೊಡನೆ ಮದುವೆಗೆ ಅಡ್ಡಿಯಿದೆ, ಆದರೆ ಬಿಷಪರು ಅದನ್ನು ಸಡಿಲಿಸಬಲ್ಲರು. 1970ರಲ್ಲಿ ಆರನೇ ಪೌಲ್ ಪೋಪರು ಈ ನಿಯಮವನ್ನು ಮೃದುಗೊಳಿಸಿದರು. ತನ್ನ ವಿಶ್ವಾಸದಲ್ಲಿ ಉಳಿಯುತ್ತೇನೆ, ಮಕ್ಕಳನ್ನು ಆ ವಿಶ್ವಾಸದಲ್ಲಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಎಂದು ಕೆಥೋಲಿಕ್ ಸಂಗಾತಿ ಮಾತು ಕೊಡಬೇಕು. ಇನ್ನೊಬ್ಬರಿಗೆ ಅದು ತಿಳಿದಿದ್ದರೆ ಸಾಕು. ದೇಶದ ಕಾನೂನೂ ದಾರಿ ಮುಚ್ಚಿರಲಿಲ್ಲ. ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಅನ್ವಯಿಸುತ್ತದೆ. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಮೂವತ್ತು ದಿನಗಳ ನೋಟಿಸು ಕೊಟ್ಟರೆ ಯಾರೂ ಧರ್ಮ ಬಿಡಬೇಕಿಲ್ಲ. ಪ್ರಪಾತದ ಅಂಚಿನಲ್ಲಿ ನಿಂತ ಮಾರ್ಗರೆಟಳ ಮುಂದೆ ಇಷ್ಟೆಲ್ಲ ದಾರಿಗಳಿದ್ದವು.

ಪುಟ್ಟಣ್ಣನವರು ಕಥೆ ಹೇಳುತ್ತಿದ್ದರು, ಕಾನೂನಿನ ಪಾಠವನ್ನಲ್ಲ ಎಂದು ಓದುಗರು ಹೇಳಬಹುದು. ಒಪ್ಪೋಣ. ದುರ್ಗದಂಥ ಊರಿನಲ್ಲಿ ಅಂಥ ಜೋಡಿಗೆ ಅಂದು ಜಾಗವಿರಲಿಲ್ಲ ಎಂಬ ಸತ್ಯವನ್ನು ಚಿತ್ರ ಮುಚ್ಚಿಡಲಿಲ್ಲ ಎಂಬುದೂ ನಿಜ. ನಮ್ಮ ತಕರಾರು ಬೇರೆ. ಪ್ರೇಮಿಗಳನ್ನು ಸಾಯಿಸಿದ ಚಿತ್ರ ನಮ್ಮನ್ನು ಕಷ್ಟದ ಪ್ರಶ್ನೆಗಳಿಂದ ಪಾರುಮಾಡಿತು. ಬದುಕಿದ್ದರೆ ಭಾನುವಾರ ಅವಳು ಚರ್ಚಿಗೆ ಹೋಗುತ್ತಿದ್ದಳೇ? ಮಗುವಿನ ಹೆಸರೇನು? ಸತ್ತರೆ ಮಣ್ಣೋ, ಬೆಂಕಿಯೋ? ಸಭೆಯ ನಿಯಮಗಳು ಎಷ್ಟೇ ಬಿಗಿಯಾಗಿದ್ದರೂ ಈ ಪ್ರಶ್ನೆಗಳನ್ನಾದರೂ ಕೇಳುತ್ತವೆ. ಸಿನಿಮಾದ ಪ್ರೇಮ ಕೇಳುವುದೇ ಇಲ್ಲ.

ಇಷ್ಟು ಬರೆದ ಮೇಲೆ ನಮ್ಮ ಅಂಗಳವನ್ನೂ ಗುಡಿಸಬೇಕಲ್ಲ. ಅಲ್‌ಮಾಇದಾ ಅಧ್ಯಾಯದಲ್ಲಿ ಗ್ರಂಥದವರ ಸ್ತ್ರೀಯರನ್ನು ವರಿಸಲು ಮುಸ್ಲಿಮ್ ಪುರುಷನಿಗೆ ಅನುಮತಿಯಿದೆ. ಮುಸ್ಲಿಮ್ ಸ್ತ್ರೀಗೆ ಅಂಥ ಅನುಮತಿಯಿಲ್ಲ ಎಂಬುದು ನಮ್ಮ ಫಿಕ್ಹ್ ಪಂಡಿತರ ನಿಲುವು. ಆ ಅನುಮತಿಯಂತೆ ಬಂದ ಹೆಂಡತಿ ತನ್ನ ಧರ್ಮದಲ್ಲೇ ಉಳಿಯಬಹುದು. ಆದರೆ ನಮ್ಮ ಮೊಹಲ್ಲಾಗಳಲ್ಲಿ ನಿಕಾಹಕ್ಕೆ ಮೊದಲೇ ಹುಡುಗಿಯ ಹೆಸರು ಬದಲಾಗಿರುತ್ತದೆ. ಗ್ರಂಥ ಕೊಟ್ಟ ಹಕ್ಕನ್ನು ಗಲ್ಲಿ ಕಸಿದುಕೊಳ್ಳುತ್ತದೆ. ಯೂಸುಫ್ ಆದಿಲ್‌ಶಾಹನ ಮರಾಠಾ ಮನೆತನದ ರಾಣಿಯನ್ನು ನಮ್ಮೂರಿನ ಇತಿಹಾಸ ಬೂಬೂಜಿ ಖಾನಂ ಎಂದೇ ನೆನೆಯುತ್ತದೆ. ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೆಂದು ಬಿಜಾಪುರದಲ್ಲಿ ಎಷ್ಟು ಮಂದಿಗೆ ಗೊತ್ತು? ಒಳಗೆ ಬರುವ ಹುಡುಗಿಗೆ ಸಂಭ್ರಮ, ಹೊರಗೆ ಹೋಗುವ ಹುಡುಗಿಗೆ ಸೂತಕ: ಈ ಎರಡು ತಕ್ಕಡಿ ಎಲ್ಲ ಸಮುದಾಯಗಳ ಮನೆಯಲ್ಲೂ ಇದೆ.

ಕತ್ತಲಾಗುತ್ತ ಬಂದಿತ್ತು. ಮಗ್ರಿಬ್ ಬಾಂಗ್ ಕೇಳಿ ನಾವು ಎದ್ದೆವು. “ಮಾಸ್ತರ್, ನೀವು ಪಾದ್ರಿಯವರನ್ನ ಕೇಳ್ರಿ, ವಕೀಲರನ್ನೂ ಕೇಳ್ರಿ. ಅದಕ್ಕೂ ಮೊದಲ ಮಗಳನ್ನ ಕೂಡಿಸ್ಕೊಂಡು ಕೇಳ್ರಿ, ಮದುವಿ ಆದಮ್ಯಾಲೆ ಪ್ರಾರ್ಥನಾ ಹೆಂಗ ಮಾಡ್ತಿ ಅಂತ” ಎಂದೆವು.

ಮಾಸ್ತರರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. “ಆ ಹುಡುಗನ್ನೂ ಕೇಳಬೇಕ್ರಿ,” ಎಂದರು, “ಆಕಿ ಪ್ರಾರ್ಥನಾ ಮಾಡೂ ಮುಂದ ಅಂವ ಎಲ್ಲಿ ಕುಂಡರ್ತಾನ ಅಂತ.”

ಅರ್ಧ ಶತಮಾನದ ಹಿಂದೆ ಚಾಮಯ್ಯ ಮೇಷ್ಟ್ರು ಕೇಳಬಹುದಾಗಿದ್ದ ಪ್ರಶ್ನೆ ಅದು.