ಗೋಸುಂಬೆಯ ಸಾಕಣೆ: ಎಣಿಕೆಯೂ ಪಾಲನೆಯೂ

ನೆತ್ತಿಯ ಮೇಲೆ ಕಿರೀಟದಂತಹ ಶಿಖೆಯನ್ನು ಹೊತ್ತ ಯೆಮನ್ ದೇಶದ ಗೋಸುಂಬೆಯೂ, ನೀಲಿ ಹಸುರು ಕೆಂಪುಗಳ ವೈಭವದಿಂದ ಮೆರೆಯುವ ಮಡಗಾಸ್ಕರ್ ದ್ವೀಪದ ಪ್ಯಾಂಥರ್ ಗೋಸುಂಬೆಯೂ ಇಂದು ಅಮೆರಿಕ ಮತ್ತು ಯುರೋಪಿನ ಅನೇಕ ಹವ್ಯಾಸಿಗಳ ಮನೆಗಳಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತಿವೆ. ಕಾಡಿನಿಂದ ಹಿಡಿದು ತಂದ ಪ್ರಾಣಿಯು ಪ್ರಯಾಣದ ಬಳಲಿಕೆಯಿಂದಲೂ ಪರೋಪಜೀವಿಗಳ ಬಾಧೆಯಿಂದಲೂ ಸೊರಗುವುದನ್ನು ಕಂಡವರಿಗೆ, ಪಂಜರದಲ್ಲಿಯೇ ಹುಟ್ಟಿದ ಆರೋಗ್ಯವಂತ ಮರಿಯು ವರದಂತೆ ತೋರುವುದು ಸಹಜ. ಕಾಡಿನ ಮೇಲಣ ಭಾರವನ್ನು ಇಳಿಸಬಲ್ಲ ಈ ಗುಣವೇ ಆ ಹವ್ಯಾಸದ ಪ್ರಥಮ ಶ್ರೇಯಸ್ಸು.

ಎರಡನೆಯ ಶ್ರೇಯಸ್ಸು ಅದು ಕಲಿಸುವ ಸಹನೆ. ಒದ್ದೆಮಾಡಿದ ವರ್ಮಿಕ್ಯುಲೈಟಿನಲ್ಲಿ ಹುದುಗಿಸಿಟ್ಟ ಯೆಮನ್ ಗೋಸುಂಬೆಯ ಮೊಟ್ಟೆಗಳು ಒಡೆಯಲು ಸಾಮಾನ್ಯವಾಗಿ 6ರಿಂದ 9 ತಿಂಗಳು ಬೇಕು. ಪ್ಯಾಂಥರ್ ಗೋಸುಂಬೆಯ ಭ್ರೂಣವಂತೂ ಮೊದಲು ಸುಪ್ತಾವಸ್ಥೆಯಲ್ಲಿರುವುದರಿಂದ, ಮಡಗಾಸ್ಕರಿನ ಚಳಿಗಾಲವನ್ನು ಅನುಕರಿಸಿ ಮೊಟ್ಟೆಗಳನ್ನು ಕೆಲಕಾಲ ತಂಪಿನಲ್ಲಿರಿಸಿ ಬಳಿಕ ಬೆಚ್ಚಗಾಗಿಸುವ ಕ್ರಮವನ್ನು ಸಾಕಣೆದಾರರು ಅನುಭವದಿಂದ ರೂಢಿಸಿಕೊಂಡಿದ್ದಾರೆ. ದೂರದ ದ್ವೀಪದ ಋತುಚಕ್ರವನ್ನು ಮನೆಯ ಮೂಲೆಯ ಡಬ್ಬಿಯೊಂದರಲ್ಲಿ ನಡೆಯಿಸುವ ಈ ಶ್ರದ್ಧೆ ಗೌರವಕ್ಕೆ ಅರ್ಹವಾದುದು.

ಆದರೆ ನಿಜವಾದ ಪರೀಕ್ಷೆ ಮೊಟ್ಟೆ ಒಡೆದ ಮೇಲೆಯೇ ಆರಂಭವಾಗುತ್ತದೆ. ಬಟ್ಟಲಿನಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಲಕ್ಷಿಸದೆ ಎಲೆಯ ಮೇಲಣ ಹನಿಯನ್ನು ನೆಕ್ಕುವ ಆ ಕಿರುಜೀವಿಗೆ ದಿನಕ್ಕೆ ಹಲವು ಬಾರಿ ತುಂತುರು ಬೇಕು. ಹಾರಲಾರದ ಹಣ್ಣುನೊಣಗಳೂ ಎಳೆಯ ಚಿಮ್ಮಂಡೆಗಳೂ ಬೇಕು. ಇಂತಹ ಚಿಮ್ಮಂಡೆಗಳಲ್ಲಿ ರಂಜಕವು ಅಧಿಕವಾಗಿ ಸುಣ್ಣದ ಅಂಶವು ಕಡಮೆಯಾಗಿರುವುದರಿಂದ ಅವುಗಳಿಗೆ ಕ್ಯಾಲ್ಸಿಯಂ ಪುಡಿಯನ್ನು ಸವರಬೇಕು. ದೇಹದಲ್ಲಿ ಡಿ3 ಜೀವಸತ್ವವು ಉತ್ಪನ್ನವಾಗಲು ನೇರಳಾತೀತ ಕಿರಣವನ್ನು ಬೀರುವ ದೀಪವಿರಬೇಕು. ಇವುಗಳಲ್ಲಿ ಲೋಪವಾದರೆ ಬೆಳೆಯುವ ಎಲುಬು ಮೆತ್ತಗಾಗಿ, ಕೊಂಬೆಯನ್ನು ಹಿಡಿಯತಕ್ಕ ಕಾಲೇ ಬಾಗಿಹೋಗುತ್ತದೆ.

ಇಷ್ಟು ದುಡಿಮೆಯನ್ನು ಬೇಡುವ ಹವ್ಯಾಸದಲ್ಲಿ ಮೊಟ್ಟೆಗಳ ಸಂಖ್ಯೆಯೇ ಕೀರ್ತಿಯ ಮಾನದಂಡವಾಗುವುದು ವಿಷಾದಕರ. ಯೆಮನ್ ಗೋಸುಂಬೆಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ. ಶಾಖವನ್ನೂ ಆಹಾರವನ್ನೂ ಧಾರಾಳವಾಗಿ ಒದಗಿಸಿದಷ್ಟೂ ಮೊಟ್ಟೆಗಳು ಹೆಚ್ಚುತ್ತವೆ. ಒಂದೇ ಸಲಕ್ಕೆ ಅರುವತ್ತು ಎಪ್ಪತ್ತು ಮೊಟ್ಟೆಗಳನ್ನು ಹೊರುವ ತಾಯಿಯ ಎಲುಬಿನಿಂದಲೇ ಸುಣ್ಣದಂಶವು ಸೋರಿ, ಅದರ ಆಯುಸ್ಸು ಕುಗ್ಗುವ ಸಂಭವವಿರುವುದರಿಂದ, ಯಾವುದನ್ನು ಸಾಕಣೆದಾರನು ಸಮೃದ್ಧಿಯೆಂದು ಕೊಂಡಾಡುವನೋ ಅದೇ ಆ ಪ್ರಾಣಿಗೆ ಹೊರೆಯಾಗಿರುತ್ತದೆ. ಮಿತಾಹಾರವನ್ನಿತ್ತು ಕಡಮೆ ಮೊಟ್ಟೆಗಳನ್ನು ಪಡೆಯುವವನೇ ಇಲ್ಲಿ ಕುಶಲನು.

ರೂಢಿಯಾದ ನಂಬಿಕೆಗಳೂ ಪುನರ್ವಿಮರ್ಶೆಗೆ ಒಳಗಾಗಬೇಕು. ಗೋಸುಂಬೆಯು ಏಕಾಂಗಿ ಪ್ರಾಣಿಯೆಂಬುದರಿಂದ ಮರಿಗಳನ್ನು ಹುಟ್ಟಿದೊಡನೆಯೆ ಬೇರ್ಪಡಿಸುವುದೇ ಲೇಸೆಂದು ಭಾವಿಸುವವರುಂಟು. ಆದರೆ ಒಂಟಿಯಾಗಿ ಬೆಳೆದ ಯೆಮನ್ ಗೋಸುಂಬೆಯ ಮರಿಗಳು, ಜೊತೆಯಲ್ಲಿ ಬೆಳೆದವುಗಳಿಗಿಂತ ಅಂಜುವ ಸ್ವಭಾವದವೂ ಬಣ್ಣದಲ್ಲಿ ಕಂದಿದವೂ ಬೇಟೆಯಲ್ಲಿ ಹಿಂದುಳಿದವೂ ಆಗಿದ್ದುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎಷ್ಟು ಕಾಲ ಕೂಡಿಸಿಡಬೇಕು, ಬಲಿಷ್ಠ ಮರಿಯು ದುರ್ಬಲವನ್ನು ಹಿಮ್ಮೆಟ್ಟಿಸುವ ಯಾವ ಘಳಿಗೆಯಲ್ಲಿ ಅಗಲಿಸಬೇಕು ಎಂಬುದನ್ನು ಮರಿಗಳನ್ನು ನೋಡಿಯೇ ತಿಳಿಯಬೇಕಲ್ಲದೆ ಸೂತ್ರದಿಂದಲ್ಲ.

ಪಂಜರದ ಹೊರಗಣ ಹೊಣೆಯೂ ಇದೆ. 1972ರಲ್ಲಿ ಕೀನ್ಯಾದಿಂದ ಹವಾಯಿಗೆ ತರಿಸಿದ, ಮೂರು ಕೊಂಬಿನ ಜ್ಯಾಕ್ಸನ್ ಗೋಸುಂಬೆಗಳು ತೋಟವೊಂದರಿಂದ ಹೊರಬಿದ್ದು ಹಬ್ಬಿ, ಆ ದ್ವೀಪಗಳ ಸ್ವಂತ ಬಸವನಹುಳುಗಳನ್ನೂ ಕೀಟಗಳನ್ನೂ ತಿನ್ನುತ್ತಿವೆ. ಅದೇ ವರ್ಷ ನಮ್ಮ ದೇಶದಲ್ಲಿ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ನಮ್ಮ ಗೋಸುಂಬೆಗೂ ಇರುವುದರಿಂದ, ಬೇಲಿಯ ಮೇಲೆ ಸಿಕ್ಕಿದುದನ್ನು ಮನೆಗೆ ತಂದು ಸಾಕುವುದು ಇಲ್ಲಿ ಅಪರಾಧ. ನಮ್ಮ ಪಾಲಿಗೆ ಅದನ್ನು ಅದರ ಬೇಲಿಯಲ್ಲಿಯೇ ನಿಂತು ನೋಡುವುದು ಉಳಿದಿದೆ.

ಅನ್ಯದೇಶಗಳಲ್ಲಿ ಕಾನೂನಿನ ಸಮ್ಮತಿಯಿಂದ ಸಾಕುವವರಿಗೆ ಒಂದೇ ಪ್ರಶ್ನೆ ಸಾಕು: ಹುಟ್ಟಿದ ಮರಿಗಳಲ್ಲಿ ನೇರವಾದ ಕಾಲುಗಳಿಂದ ಕೊಂಬೆಯೇರಿದವು ಎಷ್ಟು, ಮೊಟ್ಟೆಯಿಟ್ಟ ತಾಯಿ ಮರುವರ್ಷ ಹೇಗಿದ್ದಿತು? ಇದಕ್ಕೆ ಅಳುಕದೆ ಉತ್ತರಿಸಬಲ್ಲವನ ಹವ್ಯಾಸವನ್ನು ವಿದ್ಯೆಯೆಂದು ಕರೆಯಲು ನಾನು ಹಿಂಜರಿಯೆನು.